ಎಣ್ಣೆ ಕುಡಿಯುವ ಗಾಡಿಗೆ ಬೋರಿಂಗೇ ಮದ್ದಲ್ಲ!

ದಾವಣಗೆರೆ: ಬೆಳಿಗ್ಗೆ ಆರೂವರೆ. ಮಂಡಿಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರ ಹಳೇ ಓಮ್ನಿ ಸ್ಟಾರ್ಟ್ ಆಯಿತೆಂದರೆ ಹಿಂದೆ ನಿಂತವರು ಮೂಗು ಮುಚ್ಚಿಕೊಳ್ಳಬೇಕು. ಸೈಲೆನ್ಸರ್‌ನಿಂದ ಬುಸ್ಸೆಂದು ನೀಲಿ ಹೊಗೆ. "ಏನ್ ಸಾವ್ಕಾರ್ರೇ, ಸೊಳ್ಳೆ ಓಡ್ಸೋ ಕಂಟ್ರಾಕ್ಟ್ ಹಿಡಿದೀರೇನು?" ಎಂದು ಎದುರಿನ ಟೀ ಅಂಗಡಿಯವನ ಕುಚೋದ್ಯ.

ಸಾವ್ಕಾರರಿಗೆ ಮಾತ್ರ ನಗು ಬರುತ್ತಿರಲಿಲ್ಲ. ಸುತ್ತಲ ಸಂತೆಗಳಿಗೆ ಅಕ್ಕಿ, ಬೇಳೆ, ಬೆಲ್ಲ ಹೊರುವ ಗಾಡಿ ಅದು. ವಾರ ವಾರ ಅರ್ಧ ಲೀಟರ್ ಆಯಿಲ್ ಸುರಿದರೂ ಸಾಲದು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಸೀಟು ಎತ್ತಿ ನೋಡುವ ಮೊದಲೇ ತೀರ್ಪು ಬಂತು: "ಇಂಜಿನ್ ಹೋಗೈತಿ. ಬೋರಿಂಗ್ ಮಾಡ್ಸಿ, ಹೊಸ ಪಿಸ್ಟನ್ನು, ರಿಂಗು ಹಾಕ್ಸಿ." ಲೆಕ್ಕ ಹತ್ತಾರು ಸಾವಿರ. ಮನೆಯಾಕೆಯ ಎರಡೆಳೆ ಸರ ಗಿರವಿ ಅಂಗಡಿಗೆ ಹೊರಡುವುದರಲ್ಲಿತ್ತು.

ಅಷ್ಟರಲ್ಲಿ ಹಳೇ ಪಿ.ಬಿ. ರಸ್ತೆಯ ಹಿರಿಯ ಮೇಸ್ತ್ರಿಯೊಬ್ಬರ ಕಣ್ಣಿಗೆ ಗಾಡಿ ಬಿತ್ತು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಹೊಗೆ ಬೆಳಿಗ್ಗೆ ಮಾತ್ರ ಬರ್ತೈತೋ, ದಿನಾ ಪೂರ್ತಿ ಬರ್ತೈತೋ?"

ಹೋಗುವ ದಾರಿ ಎರಡೇ

ಇಂಜಿನ್‌ನಿಂದ ಎಣ್ಣೆ ಮಾಯವಾಗಲು ಮಂತ್ರವಿಲ್ಲ. ಒಂದೋ ಹೊರಗೆ ಸೋರಬೇಕು, ಇಲ್ಲವೇ ಒಳಗೆ ಉರಿಯಬೇಕು. ಸೋರಿಕೆ ಕಂಡುಹಿಡಿಯಲು ಅಂಗಡಿಯಲ್ಲಿ ಬಿದ್ದಿರುವ ರಟ್ಟಿನ ಡಬ್ಬ ಸಾಕು. ಬಿಡಿಸಿ ರಾತ್ರಿ ಇಂಜಿನ್ ಕೆಳಗೆ ಹಾಸಿ, ಬೆಳಿಗ್ಗೆ ಎಲ್ಲಿ ಕಲೆ ಬಿದ್ದಿದೆ ನೋಡಿ. ಟ್ಯಾಪೆಟ್ ಕವರ್‌ನ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಎಣ್ಣೆ ಇಳಿಸುವ ಬೋಲ್ಟಿನ ವಾಷರ್, ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲ್ ಇವೇ ಸಾಮಾನ್ಯ ಕಳ್ಳರು. ಕೆಲವು ಸೋರಿಕೆ ಗಾಡಿ ಓಡುವಾಗ ಮಾತ್ರ ಬರುವುದರಿಂದ ಇಂಜಿನ್ ಒರೆಸಿ, ಒಂದು ಸುತ್ತು ಓಡಿಸಿಯೂ ನೋಡಬೇಕು.

ಸಾವ್ಕಾರರ ರಟ್ಟು ಒಣಗಿಯೇ ಇತ್ತು. ಅಂದ ಮೇಲೆ ಎಣ್ಣೆ ಉರಿಯುತ್ತಿರುವುದು ಖಾತ್ರಿಯಾಯಿತು.

ಹೊಗೆಯೇ ಹೇಳುತ್ತೆ

ನೀಲಿ ಹೊಗೆ ಎಂದರೆ ಎಣ್ಣೆ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿದೆ. ಬಿಳಿ ಹೊಗೆ ಇಂಜಿನ್ ಕಾದ ಮೇಲೂ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಗುಮಾನಿ ಪಡಬೇಕು.

ನೀಲಿಯಲ್ಲೂ ಎರಡು ಬಗೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಒಮ್ಮೆ ಬುಸ್ಸೆಂದು ಆಮೇಲೆ ಸುಮ್ಮನಾದರೆ, ಇಲ್ಲವೇ ಇಳಿಜಾರು ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಹೊಗೆಯಾಡಿದರೆ, ಅದು ವಾಲ್ವ್ ಸೀಲ್ ಇಲ್ಲವೇ ವಾಲ್ವ್ ಗೈಡಿನ ಕೆಲಸ. ಮೇಲಿನ ಎಣ್ಣೆ ವಾಲ್ವ್‌ನ ಕಡ್ಡಿ ಹಿಡಿದು ಸಿಲಿಂಡರಿಗೆ ಜಿನುಗುತ್ತದೆ. ಲೋಡ್ ಎಳೆಯುವಾಗಲೆಲ್ಲ ಬಿಡದೆ ಹೊಗೆ ಬಂದರೆ ಪಿಸ್ಟನ್ ರಿಂಗೋ ಬೋರೋ ಸವೆದಿರುವ ಸಂಭವ ಹೆಚ್ಚು.

ಮೂರನೆಯ ಅಪರಾಧಿಯನ್ನು ಎಷ್ಟೋ ಜನ ಮರೆಯುತ್ತಾರೆ. ಇಂಜಿನ್ ಉಸಿರಾಡುವ ಬ್ರೀದರ್ ಪೈಪು ಮಸಿ ಕಟ್ಟಿ ಮುಚ್ಚಿದರೆ ಒಳಗೆ ಒತ್ತಡ ಏರಿ ಎಣ್ಣೆ ಸಿಕ್ಕಲ್ಲಿ ನುಗ್ಗುತ್ತದೆ. ಗೇಜಿನ ಮೇಲಿನ ಗುರುತು ದಾಟಿ ಎಣ್ಣೆ ಸುರಿದರೂ ಇದೇ ಗತಿ. ಪುಣ್ಯಕ್ಕೆ ಹಾಕಿದ್ದು ಪಾಪವಾಗಿ ಕೂರುತ್ತದೆ.

ಒಂದು ಚಮಚೆ ಪರೀಕ್ಷೆ

ಬರೀ ಹೊಗೆ ನೋಡಿ ತೀರ್ಪು ಕೊಡಲು ಮೇಸ್ತ್ರಿ ಒಪ್ಪಲಿಲ್ಲ. ಮೂರೂ ಪ್ಲಗ್ ಬಿಚ್ಚಿ, ಒಂದೊಂದೇ ತೂತಿಗೆ ಕಂಪ್ರೆಷನ್ ಗೇಜು ಹಿಡಿದು ಸೆಲ್ಫ್ ಹೊಡೆಸಿದರು. ಮುಳ್ಳು ಎಲ್ಲಾದರೂ ಕಡಿಮೆ ನಿಂತರೆ ಆ ಸಿಲಿಂಡರಿಗೆ ಒಂದು ಚಮಚೆ ಎಣ್ಣೆ ಬಿಟ್ಟು ಮತ್ತೆ ನೋಡುವುದು ಕ್ರಮ. ಆಗ ಮುಳ್ಳು ಏರಿದರೆ ರಿಂಗು, ಬೋರು ಸವೆದಿದೆ ಎಂದರ್ಥ. ಏರದಿದ್ದರೆ ತೊಂದರೆ ವಾಲ್ವ್ ಕೂರುವಲ್ಲಿ ಅಥವಾ ಗ್ಯಾಸ್ಕೆಟ್‌ನಲ್ಲಿ.

ಓಮ್ನಿಯ ಮೂರು ಸಿಲಿಂಡರಿನಲ್ಲೂ ಮುಳ್ಳು ಸಮನಾಗಿ, ಚೆನ್ನಾಗಿಯೇ ನಿಂತಿತು. ಆದರೂ ಒಂದು ಎಚ್ಚರಿಕೆ ಉಂಟು. ಎಣ್ಣೆ ಕೆರೆಯುವ ಕೆಳಗಿನ ರಿಂಗು ಮಾತ್ರ ಮಸಿ ಹಿಡಿದು ಅಂಟಿದ್ದರೆ ಈ ಪರೀಕ್ಷೆಗೆ ಸಿಗದು. ಆದ್ದರಿಂದ ಹೊಗೆ ಬರುವ ಹೊತ್ತು ಮತ್ತು ಗೇಜಿನ ಮುಳ್ಳು, ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ಇಲ್ಲಿ ಎರಡೂ ಒಂದೇ ಕಡೆ ಬೆರಳು ತೋರಿಸಿದವು: ವಾಲ್ವ್ ಸೀಲ್.

ಸಣ್ಣ ರಬ್ಬರು

ಬೆರಳುಗುರಿನಷ್ಟು ರಬ್ಬರು ಅದು. ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಪ್ಲಗ್ಗಿನ ತೂತಿನಿಂದ ಸಿಲಿಂಡರಿಗೆ ಗಾಳಿ ತುಂಬಿ, ವಾಲ್ವ್ ಕೆಳಗೆ ಜಾರದಂತೆ ಹಿಡಿದರೆ ಹೆಡ್ ಇಳಿಸದೆಯೇ ಬದಲಾಯಿಸಬಹುದು. ಸೀಲಿನ ಬೆಲೆಯೂ ಮಜೂರಿಯೂ ಸೇರಿ ಬೋರಿಂಗಿನ ಲೆಕ್ಕದ ಮೂಲೆಗೂ ಬರಲಿಲ್ಲ. ಮನೆಯಾಕೆಯ ಸರ ಕೊರಳಲ್ಲೇ ಉಳಿಯಿತು.

ಹಾಗಂತ ಎಲ್ಲ ಗಾಡಿಗೂ ಸೀಲೇ ಮದ್ದಲ್ಲ. ಬೋರು ಸವೆದಿದ್ದರೆ ಬೋರಿಂಗ್ ಮಾಡಿಸಲೇಬೇಕು. ದಪ್ಪ ಎಣ್ಣೆ ಹಾಕಿ ಹೊಗೆ ಅಡಗಿಸುವುದು ರೋಗ ಮುಚ್ಚಿಟ್ಟಂತೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ನೆನಪಿಡಬೇಕು. ಓಮ್ನಿ ತಯಾರಿಕೆ ನಿಂತದ್ದು 2019ರಲ್ಲಿ. ಅಂದರೆ ಈಗ ಸಿಗುವುದೆಲ್ಲ ಓಡಿ ಬಳಲಿದವೇ. ಕೊಳ್ಳುವ ಮುಂಚೆ ಬೆಳಿಗ್ಗೆ ಹೋಗಿ, ತಣ್ಣಗಿರುವ ಇಂಜಿನ್ ಎದುರಿಗೇ ಸ್ಟಾರ್ಟ್ ಮಾಡಿಸುವುದು ಜಾಣತನ.

ಉದ್ರಿ ಪುಸ್ತಕದ ಬುದ್ಧಿ

ಮೇಸ್ತ್ರಿ ಸಾವ್ಕಾರರಿಗೆ ಹೇಳಿದ ಕೊನೆ ಮಾತು ವ್ಯಾಪಾರಿಗೆ ತಕ್ಕದ್ದು: "ಉದ್ರಿ ಬರ್ಕೊಂಡಂಗೆ ಎಣ್ಣೇನೂ ಬರ್ಕೊಳ್ರಿ."

ಗಾಡಿ ಸಮತಟ್ಟಿನಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಗೇಜು ನೋಡಬೇಕು. ಎಷ್ಟು ಕಿಲೋಮೀಟರಿಗೆ ಎಷ್ಟು ಸುರಿದದ್ದು ಎಂದು ಬರೆಯಬೇಕು. ಸ್ವಲ್ಪ ಎಣ್ಣೆ ಎಲ್ಲ ಇಂಜಿನ್ನೂ ತಿನ್ನುತ್ತದೆ, ಸಾವಿರ ಕಿ.ಮೀ.ಗೆ ಒಂದು ಲೀಟರ್‌ವರೆಗೂ ಪರವಾಗಿಲ್ಲ ಎನ್ನುವ ಕಂಪನಿಗಳೂ ಇವೆ. ಆದರೆ ನಿನ್ನೆಗಿಂತ ಇವತ್ತು ಹೆಚ್ಚು ತಿಂದರೆ ಅದು ಎಚ್ಚರಿಕೆ ಗಂಟೆ. ಕೆಂಪು ದೀಪ ಹತ್ತಲಿ ಎಂದು ಕಾಯುವಂತಿಲ್ಲ. ಅದು ಹತ್ತುವುದು ಎಣ್ಣೆಯ ಒತ್ತಡ ಬಿದ್ದ ಮೇಲೆ. ಅಷ್ಟರಲ್ಲಿ ಬೇರಿಂಗ್ ಕಚ್ಚಿಕೊಂಡರೆ ಬೋರಿಂಗಿನ ಲೆಕ್ಕವೂ ಅಗ್ಗ ಎನಿಸೀತು!

ಸಾವ್ಕಾರರ ಉದ್ರಿ ಪುಸ್ತಕದ ಕೊನೆ ಹಾಳೆಯಲ್ಲಿ ಈಗ ಓಮ್ನಿಗೂ ಒಂದು ಖಾತೆ ಇದೆ. ಟೀ ಅಂಗಡಿಯವನಿಗೆ ಮಾತ್ರ ಬೆಳಗಿನ ತಮಾಷೆ ತಪ್ಪಿದೆ.