ಏಳು ದಿನದ ಸಫಾರಿ, ಮೂರು ತಿಂಗಳ ಎಚ್ಚರ

‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಮಾತು. ಪ್ರಯಾಣ ಎಂಬುದೇ ಅದರ ಅರ್ಥ. ಅರಬ್ಬೀ ಮೂಲದ ಈ ಪದದ ಒಡಹುಟ್ಟಾದ ‘ಸಫರ್’ ಎಂಬ ಮಾತು ಮುಂಬಯಿ, ಹೈದರಾಬಾದುಗಳಲ್ಲಿ ನೆಲಸಿದ ಕನ್ನಡಿಗರ ಕಿವಿಗೆ ದಿನವೂ ಬೀಳುವಂಥದು. ಬಂದೂಕು ಹಿಡಿದು ಪೂರ್ವ ಆಫ್ರಿಕಕ್ಕೆ ಬಂದ ಬಿಳಿಯರು ಈ ಪದಕ್ಕೆ ಬೇಟೆಯ ಅರ್ಥವನ್ನು ಅಂಟಿಸಿದರು. ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ ಇವುಗಳನ್ನು ‘ಐದು ಮಹಾಮೃಗ’ಗಳೆಂದು ಎಣಿಸಿದವರೂ ಅವರೇ. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಇವು ಅತ್ಯಂತ ಅಪಾಯಕರವೆಂಬುದೇ ಆ ಎಣಿಕೆಗೆ ಆಧಾರ. 1977ರಲ್ಲಿ ಕೆನ್ಯಾ ದೇಶವು ಬೇಟೆಯನ್ನು ನಿಷೇಧಿಸಿತು. ಅಂದಿನಿಂದ ಅಲ್ಲಿ ಸಫಾರಿಯೆಂದರೆ ನೋಡುವುದು ಮತ್ತು ಚಿತ್ರ ತೆಗೆಯುವುದು ಮಾತ್ರ.

ಇಂದು ಮಹಾನಗರಗಳ ಕನ್ನಡ ಕುಟುಂಬಗಳೂ ಈ ಯಾತ್ರೆಗೆ ಹೊರಡುತ್ತಿವೆ. ಮಕ್ಕಳು ದುಡಿಯುವಂತಾದ ಮೇಲೆ ನಿವೃತ್ತರಾದ ತಂದೆತಾಯಿಗಳನ್ನು ಜೊತೆಗೆ ಕರೆದೊಯ್ಯುವುದೂ ಉಂಟು. ಕ್ಯಾಮೆರಾ, ದುರ್ಬೀನು, ಚಕ್ಕುಲಿ, ಕೋಡುಬಳೆ ಎಲ್ಲವೂ ಮುಂಚಿತವಾಗಿಯೇ ಸಿದ್ಧವಾಗುತ್ತವೆ. ದೇಹದ ಸಿದ್ಧತೆಯೊಂದು ಮಾತ್ರ ಕಡೆಯ ವಾರಕ್ಕೆ ಉಳಿಯುತ್ತದೆ. ವಾಹನದೊಳಗೆ ನಿಯಮ ಪಾಲಿಸಿ ಕುಳಿತವರಿಗೆ ಸಿಂಹದಿಂದ ಭಯ ತೀರಾ ಕಡಿಮೆ. ಎಚ್ಚರ ವಹಿಸಬೇಕಾದುದು ಬೆರಳ ತುದಿಯಲ್ಲಿ ಕೂರಬಲ್ಲ ಸೊಳ್ಳೆಯ ವಿಷಯದಲ್ಲಿ. ಆ ಎಚ್ಚರವು ಊರಿಗೆ ಮರಳಿದ ದಿನಕ್ಕೆ ಮುಗಿಯತಕ್ಕದ್ದಲ್ಲ ಎಂಬುದೇ ಈ ಲೇಖನದ ಮುಖ್ಯ ಮಾತು.

ದಾರಿಯ ಪರಿಚಯ

ಭಾರತದಿಂದ ಹೋಗುವವರಲ್ಲಿ ಅನೇಕರು ಹಿಡಿಯುವುದು ಕೆನ್ಯಾದ ಏಳು ದಿನಗಳ ಹಾದಿ. ನೈರೋಬಿಯಲ್ಲಿ ಇಳಿದು, ಅಂಬೋಸೆಲಿ, ನಾಕುರು ಸರೋವರಗಳನ್ನು ನೋಡಿಕೊಂಡು ಮಸಾಯಿ ಮಾರಾ ತಲುಪುವುದು ಆ ಕ್ರಮ. 2024ರ ಜನವರಿಯಿಂದ ಕೆನ್ಯಾ ವೀಸಾ ಪದ್ಧತಿಯನ್ನು ಬಿಟ್ಟು ವಿದ್ಯುನ್ಮಾನ ಪ್ರಯಾಣ ಅನುಮತಿಯನ್ನು ಜಾರಿಗೆ ತಂದಿದೆ. ಅದನ್ನು ಹೊರಡುವ ಮೊದಲೇ ಪಡೆದಿರಬೇಕು.

ಅಂಬೋಸೆಲಿಯು 392 ಚದರ ಕಿಲೋಮೀಟರ್ ವಿಸ್ತಾರದ ಉದ್ಯಾನ. 1972ರಿಂದ ಸಿಂಥಿಯಾ ಮಾಸ್ ಅವರು ಆನೆಗಳ ಸಂಸಾರಗಳನ್ನು ತಲೆಮಾರುಗಳ ಉದ್ದಕ್ಕೂ ಅಭ್ಯಸಿಸಿದ್ದು ಇಲ್ಲಿಯೇ. ಆನೆಗಳ ಹಿಂಡಿನ ಹಿನ್ನೆಲೆಯಲ್ಲಿ 5,895 ಮೀಟರ್ ಎತ್ತರದ ಕಿಲಿಮಂಜಾರೋ ಕಾಣುತ್ತದೆ. ಪರ್ವತವಿರುವುದು ನೆರೆಯ ತಾಂಜಾನಿಯಾದಲ್ಲಿ, ನೋಟ ದೊರೆಯುವುದು ಕೆನ್ಯಾದಲ್ಲಿ. ನಾಕುರು ಖಡ್ಗಮೃಗಗಳಿಗೆ ಹೆಸರಾದ ತಾಣ. ಸುಮಾರು 1,500 ಚದರ ಕಿಲೋಮೀಟರ್ ವಿಸ್ತಾರದ ಮಸಾಯಿ ಮಾರಾ ಹುಲ್ಲುಗಾವಲಿಗೆ ಜುಲೈಯಿಂದ ಅಕ್ಟೋಬರಿನವರೆಗೆ ತಾಂಜಾನಿಯಾದ ಸೆರೆಂಗೆಟಿಯಿಂದ ವೈಲ್ಡ್‌ಬೀಸ್ಟ್ ಹಿಂಡುಗಳು ಬರುತ್ತವೆ. ಹಸಿರು ಮೇವನ್ನರಸಿ ವರ್ಷವಿಡೀ ಸುತ್ತುವ ಈ ಪ್ರಾಣಿಗಳ ಸಂಖ್ಯೆ ಹತ್ತು ಲಕ್ಷಕ್ಕೂ ಮೀರಿದುದು. ಮೊಸಳೆಗಳು ಕಾದಿರುವ ಮಾರಾ ನದಿಯನ್ನು ಅವು ದಾಟುವ ದೃಶ್ಯವನ್ನು ಕಂಡವರು ಅದನ್ನು ಮರೆಯಲಾರರು.

ಬಂಡೀಪುರ, ನಾಗರಹೊಳೆಗಳನ್ನು ಕಂಡವರಿಗೆ ಇಲ್ಲಿಯ ಅನುಭವವೇ ಬೇರೆ. ನಮ್ಮ ಕಾಡಿನಲ್ಲಿ ಪ್ರಾಣಿಯು ಮರಗಳ ಮರೆಯಲ್ಲಿ ಕ್ಷಣಕಾಲ ಮಿಂಚಿ ಮಾಯವಾಗುತ್ತದೆ. ಮಾರಾದ ಬಯಲಿನಲ್ಲಿ ಅದು ಗಂಟೆಗಟ್ಟಲೆ ಕಣ್ಣೆದುರು ಇರುತ್ತದೆ. ಕನ್ನಡದಲ್ಲಿ ಶಿವಂಗಿ ಎಂಬ ಹೆಸರುಳ್ಳ ಚೀತಾ ಭಾರತದಿಂದ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಗಿತ್ತು. 2022ರಲ್ಲಿ ನಮೀಬಿಯಾದಿಂದ ಅದನ್ನು ಮತ್ತೆ ತರಲಾಯಿತು. ಆ ಪ್ರಾಣಿಯನ್ನು ಅದರ ಸಹಜ ನೆಲೆಯಲ್ಲಿ ನೋಡುವ ಅವಕಾಶವೂ ಮಾರಾದಲ್ಲಿ ಉಂಟು.

ಮರಳುವಾಗ ಕೇಳುವ ಚೀಟಿ

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಹಲವರು ಎಡವುವುದುಂಟು. ಭಾರತದಿಂದ ನೇರವಾಗಿ ಹೋಗುವವರನ್ನು ಕೆನ್ಯಾ ಈ ಚೀಟಿಗಾಗಿ ತಡೆಯುವುದಿಲ್ಲ. ಕೇಳುವುದು ನಮ್ಮದೇ ದೇಶ, ಅದೂ ಮರಳಿ ಬಂದಾಗ. ಕಾರಣವು ಸರಳವಾಗಿದೆ. ಭಾರತದಲ್ಲಿ ಹಳದಿ ಜ್ವರವಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ, ಎಂದರೆ ಡೆಂಗಿಯನ್ನು ಹರಡುವ ಸೊಳ್ಳೆಯೇ, ನಮ್ಮ ನಗರಗಳಲ್ಲಿ ಹೇರಳವಾಗಿದೆ. ಒಬ್ಬ ರೋಗಿ ಆ ರೋಗಾಣುವನ್ನು ಹೊತ್ತು ತಂದರೂ ಪರಿಣಾಮ ಘೋರವಾದೀತು. ಆದುದರಿಂದ ಚೀಟಿಯಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ.

ಲಸಿಕೆಯನ್ನು ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿಯೇ ಹಾಕಿಸಿಕೊಳ್ಳಬೇಕು; ಮನೆಯ ವೈದ್ಯರು ಕೊಟ್ಟ ಚೀಟಿ ಸಲ್ಲದು. ಲಸಿಕೆ ಪಡೆದ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಸಿಂಧುವಾಗುತ್ತದೆ. ಹೊರಡಲು ಒಂದು ವಾರವಿರುವಾಗ ಓಡಾಡಿ ಫಲವಿಲ್ಲ. ಒಂದು ತಿಂಗಳ ಮೊದಲೇ ಹೋಗುವುದು ಲೇಸು. 2016ರಿಂದ ಈ ಪ್ರಮಾಣಪತ್ರಕ್ಕೆ ಜೀವಾವಧಿಯ ಮಾನ್ಯತೆ ದೊರೆತಿದೆ.

ಇದು ಜೀವಂತ ರೋಗಾಣುವನ್ನು ದುರ್ಬಲಗೊಳಿಸಿ ತಯಾರಿಸಿದ ಲಸಿಕೆ. ಮೊಟ್ಟೆಯಿಂದ ತೀವ್ರ ಅಲರ್ಜಿಯುಳ್ಳವರು, ರೋಗನಿರೋಧಕ ಶಕ್ತಿ ಕುಂದಿದವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಗರ್ಭಿಣಿಯರು, ಅರುವತ್ತು ದಾಟಿದ ನಂತರ ಮೊದಲ ಬಾರಿಗೆ ಹಾಕಿಸಿಕೊಳ್ಳುವವರು ತಮ್ಮ ಸ್ಥಿತಿಯನ್ನು ಕೇಂದ್ರದ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ವೃದ್ಧ ತಂದೆತಾಯಿಗಳನ್ನು ಕರೆದೊಯ್ಯುವ ಮಕ್ಕಳು ಟಿಕೆಟಿಗೆ ಹಣ ಕಟ್ಟುವ ಮೊದಲೇ ಈ ಸಮಾಲೋಚನೆ ಮುಗಿಸುವುದು ವಿವೇಕ.

‘ನಮಗೆ ಸೊಳ್ಳೆ ಹೊಸದೇ?’

ಮಲೇರಿಯಾದ ಮಾತೆತ್ತಿದರೆ ನಮ್ಮವರಿಂದ ಬರುವ ಸಿದ್ಧ ಉತ್ತರವಿದು. ಹುಟ್ಟಿದಂದಿನಿಂದ ಸೊಳ್ಳೆ ಕಚ್ಚಿಸಿಕೊಂಡವರಿಗೆ ಮಾತ್ರೆ ಏತಕ್ಕೆ ಎಂಬ ಧೈರ್ಯ. ಈ ಧೈರ್ಯಕ್ಕೆ ವೈದ್ಯಶಾಸ್ತ್ರದ ಬೆಂಬಲವಿಲ್ಲ. ಮಲೇರಿಯಾದ ವಿರುದ್ಧ ದೇಹವು ಗಳಿಸುವ ಶಕ್ತಿ ಅಪೂರ್ಣವಾದುದು. ಪದೇ ಪದೇ ಸೋಂಕು ತಗಲುತ್ತಿರುವವರೆಗೆ ಮಾತ್ರ ಅದು ಉಳಿಯುತ್ತದೆ. ಹತ್ತಾರು ವರ್ಷ ನಗರದ ಬಹುಮಹಡಿ ಕಟ್ಟಡದಲ್ಲಿ ವಾಸಿಸಿದವರಲ್ಲಿ ಅದು ಇದೆಯೆಂದು ನಂಬಿಕೊಳ್ಳುವುದು ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಬರೆದಂತೆ. ಅಲ್ಲದೆ ಕೆನ್ಯಾದಲ್ಲಿ ಪ್ರಧಾನವಾಗಿರುವುದು ಫಾಲ್ಸಿಪ್ಯಾರಮ್ ಎಂಬ ಜಾತಿ. ಮಿದುಳು, ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣ ತೆಗೆಯಬಲ್ಲ ಮಲೇರಿಯಾ ಅದೇ.

ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ರಹಸ್ಯ ಬಯಲಾದುದು ನಮ್ಮ ನೆಲದಲ್ಲಿಯೇ. 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯನಾಗಿದ್ದಾಗ ನಿಂತ ನೀರಿಗೂ ಸೊಳ್ಳೆಗೂ ಇರುವ ಸಂಬಂಧವನ್ನು ಗಮನಿಸಿದ್ದ ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡನು. ಆ ಸೊಳ್ಳೆಯು ಕಚ್ಚುವುದು ಮುಸ್ಸಂಜೆಯಿಂದ ಮುಂಜಾವಿನವರೆಗೆ. ಸಫಾರಿಯ ಅತಿಥಿಗಳು ಡೇರೆಯ ಮುಂದೆ ಬೆಂಕಿ ಕಾಯಿಸುತ್ತ ಕೂರುವ ಹೊತ್ತೂ ಅದೇ. ತುಂಬುತೋಳಿನ ಅಂಗಿ, ಉದ್ದನೆಯ ಷರಾಯಿ, ಚರ್ಮಕ್ಕೆ ಸೊಳ್ಳೆನಿವಾರಕ ಲೇಪ, ಮಲಗುವಾಗ ಹರಕಿಲ್ಲದ ಸೊಳ್ಳೆಪರದೆ: ಇವು ನಾಲ್ಕೂ ಅವಶ್ಯ.

ಇವುಗಳ ಜೊತೆಗೆ ಮುಂಜಾಗ್ರತೆಯ ಮಾತ್ರೆ. ಹಿಂದಿನವರ ನಚ್ಚಿನ ಕ್ಲೋರೋಕ್ವಿನ್ ಅಲ್ಲಿ ನಿಷ್ಪ್ರಯೋಜಕ. ಪರೋಪಜೀವಿ ಅದನ್ನು ಜಯಿಸಿದೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಮಾತ್ರೆಯನ್ನು ಹೋಗುವ ಒಂದೆರಡು ದಿನ ಮೊದಲು ಆರಂಭಿಸಿ, ಮರಳಿದ ಮೇಲೂ ಏಳು ದಿನ ನುಂಗಬೇಕು. ಡಾಕ್ಸಿಸೈಕ್ಲಿನ್ ಆದರೆ ಮರಳಿದ ಮೇಲೆ ನಾಲ್ಕು ವಾರ. ವಾರಕ್ಕೊಮ್ಮೆ ಸೇವಿಸುವ ಮೆಫ್ಲೋಕ್ವಿನ್ ಮಾನಸಿಕ ವ್ಯಾಧಿ ಅಥವಾ ಮೂರ್ಛೆರೋಗದ ಹಿನ್ನೆಲೆಯುಳ್ಳವರಿಗೆ ಸಲ್ಲದು. ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಹೊಂದದು. ಬಿಸಿಲಿಗೆ ಚರ್ಮ ಬೇಗ ಕೆಂಪಾಗುವಂತೆಯೂ ಮಾಡುತ್ತದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಊರು ಸೇರಿದೊಡನೆ ಮಾತ್ರೆಯನ್ನು ಬಿಟ್ಟುಬಿಡುವುದು ಸಾಮಾನ್ಯ ದೋಷ. ದೇಹ ಹೊಕ್ಕ ಪರೋಪಜೀವಿಯು ಮೊದಲು ಯಕೃತ್ತಿನಲ್ಲಿ ಅಡಗಿ ಬೆಳೆದು, ಆನಂತರ ರಕ್ತಕ್ಕೆ ಇಳಿಯುತ್ತದೆ. ಕಡೆಯ ದಿನಗಳ ಮಾತ್ರೆಗಳಿರುವುದು ಅದಕ್ಕಾಗಿಯೇ.

ಹಗಲಿನಲ್ಲಿ ಕಚ್ಚುವ ತ್ಸೆತ್ಸೆ ನೊಣವೊಂದುಂಟು. ಅದು ಹರಡುವ ನಿದ್ರಾರೋಗವು ಕೆನ್ಯಾದಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಸಾರಿದೆ. ಆದರೂ ಕಚ್ಚಿದರೆ ನೋವು ಬಲು ಜೋರು. ಗಾಢ ನೀಲಿ, ಕಪ್ಪು ಬಣ್ಣಗಳು ಅದನ್ನು ಸೆಳೆಯುತ್ತವೆ. ಮಣ್ಣಿನ ಬಣ್ಣದ ಬಟ್ಟೆಯೇ ಮೇಲು.

ವಾಹನದೊಳಗಿನ ದಿನಚರಿ

ಸ್ವಾಹಿಲಿ ಜನರು ಹಗಲಿನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಸಫಾರಿಯ ದಿನ ಆರಂಭವಾಗುವುದು ಅದಕ್ಕೂ ಮುಂಚೆ. ಆ ತಂಪಿನಲ್ಲಿಯೇ ಪ್ರಾಣಿಗಳು ಚುರುಕಾಗಿರುವುದು. ಭೂಮಧ್ಯರೇಖೆಯ ನಾಡೆಂದು ಹತ್ತಿಯ ಬಟ್ಟೆಯನ್ನಷ್ಟೇ ಒಯ್ದವರು ಸುಮಾರು 1,500 ಮೀಟರ್ ಎತ್ತರದ ಮಾರಾದ ಮುಂಜಾವಿನಲ್ಲಿ ನಡುಗುತ್ತಾರೆ. ನಡುಹಗಲಿನಲ್ಲಿ ಅದೇ ಎತ್ತರದ ಬಿಸಿಲು ಚರ್ಮವನ್ನು ಸುಡುತ್ತದೆ. ಸ್ವೆಟರು, ಟೋಪಿ ಎರಡೂ ಬೇಕು.

ಮಧುಮೇಹಿಗಳು ವಿಶೇಷವಾಗಿ ಎಚ್ಚರದಿಂದಿರಬೇಕು. ಉಪಾಹಾರಕ್ಕೆ ಮೊದಲೇ ಹೊರಟ ವಾಹನವು ಚಿರತೆ ಕಂಡಿತೆಂದು ಒಂದೆರಡು ಗಂಟೆ ತಡವಾಗಿ ಹಿಂತಿರುಗಬಹುದು. ಇನ್ಸುಲಿನ್ ಚುಚ್ಚಿಕೊಂಡು ಹಸಿದು ಕುಳಿತವರಿಗೆ ಸಕ್ಕರೆ ಇಳಿದರೆ ಅಪಾಯ. ಕೈಗೆಟಕುವಲ್ಲಿ ಬಿಸ್ಕತ್ತು, ಗ್ಲೂಕೋಸ್ ಇರಲಿ. ಇನ್ಸುಲಿನನ್ನು ವಾಹನದ ಬಿಸಿಲಿನಲ್ಲಿ ಬಿಡಬಾರದು. ಕೆನ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ರಕ್ತದೊತ್ತಡ, ಹೃದ್ರೋಗಗಳ ಮಾತ್ರೆಗಳ ವೇಳೆಯನ್ನೂ ವೈದ್ಯರೊಡನೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅಂಬೋಸೆಲಿಯ ಧೂಳು ಉಬ್ಬಸದವರಿಗೆ ಶತ್ರು. ಹಳ್ಳದಿಣ್ಣೆಯ ದಾರಿಯ ಕುಲುಕಾಟ ಬೆನ್ನುನೋವಿನವರಿಗೆ ಕಠಿಣ. ಅವರಿಗೆ ಹಿಂಬದಿಯ ಆಸನ ತರವಲ್ಲ.

ಸ್ತ್ರೀಯರ ವಿಷಯವಾಗಿ ಒಂದು ಮಾತು. ದಾರಿಯಲ್ಲಿ ಶೌಚಾಲಯವಿಲ್ಲವೆಂಬ ಸಂಕೋಚದಿಂದ ಅನೇಕರು ದಿನವಿಡೀ ನೀರನ್ನೇ ಕುಡಿಯುವುದಿಲ್ಲ. ಇದರಿಂದ ತಲೆನೋವು, ಮೂತ್ರದ ಸೋಂಕು ತಲೆದೋರುತ್ತವೆ. ಸ್ವಾಹಿಲಿ ಚಾಲಕರಲ್ಲಿ ‘ಔಷಧ ಅಗೆಯುವುದು’ ಎಂಬ ಮರ್ಯಾದೆಯ ಮಾತೊಂದಿದೆ. ಬಹಿರ್ದೆಸೆಗೆ ಹೋಗಬೇಕೆಂಬುದು ಅದರ ಇಂಗಿತ. ಹೇಳಿದರೆ ಅವರು ಸುರಕ್ಷಿತ ಸ್ಥಳ ನೋಡಿ ವಾಹನ ನಿಲ್ಲಿಸುತ್ತಾರೆ. ಕೇಳಲು ನಾಚಬಾರದು, ಕೇಳದೆ ಇಳಿಯಲೂಬಾರದು.

ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಳ್ಳುವ ನಮ್ಮ ರೂಢಿ ಅಲ್ಲಿ ನಡೆಯದು. ಕೆನ್ಯಾ 2017ರಲ್ಲಿಯೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದೆ. 2020ರ ಜೂನ್‌ನಿಂದ ಉದ್ಯಾನಗಳೊಳಗೆ ಒಮ್ಮೆ ಬಳಸಿ ಎಸೆಯುವ ಯಾವ ಪ್ಲಾಸ್ಟಿಕ್ಕಿಗೂ ಪ್ರವೇಶವಿಲ್ಲ. ಬಟ್ಟೆಯ ಚೀಲ, ಸ್ಟೀಲಿನ ಡಬ್ಬಿಗಳೇ ಸರಿ. ಕೋತಿಗಳಿಗೆ ತಿಂಡಿ ಎಸೆಯುವುದು ಸಲ್ಲದು. ಕಚ್ಚಿದರೆ ಗಾಯವನ್ನು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ರೇಬೀಸ್ ಚಿಕಿತ್ಸೆ ಪಡೆಯಬೇಕು.

ವಿಮೆ

ಮಾರಾದಿಂದ ನೈರೋಬಿಯ ದೊಡ್ಡ ಆಸ್ಪತ್ರೆಗೆ ರಸ್ತೆಯಲ್ಲಿ ಹಲವು ಗಂಟೆಗಳ ಹಾದಿ. 1957ರಲ್ಲಿ ‘ಹಾರುವ ವೈದ್ಯರ’ ಸೇವೆ ಈ ನಾಡಿನಲ್ಲಿ ಹುಟ್ಟಿದುದು ಇಂಥ ದೂರಗಳ ಕಾರಣದಿಂದಲೇ. ವಿಮಾನದಲ್ಲಿ ರೋಗಿಯನ್ನು ಸಾಗಿಸುವ ವೆಚ್ಚ ಭಾರಿಯಾದುದು. ಆದುದರಿಂದ ಪ್ರಯಾಣ ವಿಮೆಯ ಕಂತು ಎಷ್ಟೆಂದು ನೋಡುವ ಮೊದಲು ಈ ವೆಚ್ಚ ಅದರಲ್ಲಿ ಸೇರಿದೆಯೇ ಎಂದು ನೋಡಬೇಕು. ಇರುವ ಕಾಯಿಲೆಗಳನ್ನು ಅರ್ಜಿಯಲ್ಲಿ ಬರೆಯದೆ ಬಿಟ್ಟರೆ ಕಂತಿನಲ್ಲಿ ಸ್ವಲ್ಪ ಉಳಿದೀತು; ಕಷ್ಟಕಾಲದಲ್ಲಿ ಪಾಲಿಸಿಯೇ ನಿರರ್ಥಕವಾದೀತು.

ಮರಳಿದ ನಂತರ

ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾದಲ್ಲಿರುವ ಜುಲೈ–ಅಕ್ಟೋಬರ್ ತಿಂಗಳುಗಳು ಮುಂಬಯಿ, ಪುಣೆ, ದೆಹಲಿಗಳಲ್ಲಿ ಮಳೆಯ ಹಾಗೂ ಡೆಂಗಿಯ ಕಾಲ. ಮರಳಿ ಬಂದ ಎರಡು ವಾರಕ್ಕೆ ಜ್ವರ ಬಂದರೆ ಮನೆಯವರು ‘ಮಳೆಯ ಜ್ವರ’ವೆಂದು ಗುಳಿಗೆ ಕೊಟ್ಟು ಮಲಗಿಸುತ್ತಾರೆ. ರೋಗಿಯು ಆಫ್ರಿಕದ ಮಾತೆತ್ತುವುದಿಲ್ಲ, ವೈದ್ಯರು ಕೇಳುವುದಿಲ್ಲ. ಫಾಲ್ಸಿಪ್ಯಾರಮ್ ಮಲೇರಿಯಾವಾದರೋ ಒಂದೇ ದಿನದಲ್ಲಿ ವಿಷಮಿಸಬಲ್ಲುದು. ಸಕಾಲದಲ್ಲಿ ಗುರುತಿಸಿದರೆ ಇದು ಔಷಧಿಗೆ ಮಣಿಯುವ ರೋಗ, ತಡವಾದರೆ ಮೃತ್ಯು.

ಆದುದರಿಂದ ಮರಳಿದ ಮೂರು ತಿಂಗಳೊಳಗೆ ಜ್ವರ, ಚಳಿ, ತಲೆನೋವು, ವಾಂತಿ, ಭೇದಿ ಯಾವುದು ಕಾಣಿಸಿಕೊಂಡರೂ ಅಂದೇ ವೈದ್ಯರಲ್ಲಿಗೆ ಹೋಗಿ, ‘ಆಫ್ರಿಕಕ್ಕೆ ಹೋಗಿದ್ದೆ, ಇಂಥ ದಿನ ಬಂದೆ’ ಎಂದು ಮೊದಲು ಹೇಳಬೇಕು. ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಮಾತ್ರೆ ನುಂಗಿದವರಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ಯಾವ ಮಾತ್ರೆಯೂ ನೂರಕ್ಕೆ ನೂರು ರಕ್ಷಣೆ ಕೊಡದು. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಜ್ವರ ಬಿಡದಿದ್ದರೆ ಮರುಪರೀಕ್ಷೆ ಅಗತ್ಯ. ಅಪರೂಪವಾಗಿ ವರ್ಷದೊಳಗೂ ರೋಗ ತಲೆದೋರುವುದುಂಟು.

ಇಷ್ಟೆಲ್ಲ ಓದಿ ಯಾತ್ರೆಯನ್ನೇ ಕೈಬಿಡಬೇಕಾಗಿಲ್ಲ. ಒಂದು ತಿಂಗಳ ಮುಂಚಿನ ಸಿದ್ಧತೆ, ಏಳು ದಿನಗಳ ಶಿಸ್ತು, ಮೂರು ತಿಂಗಳ ಎಚ್ಚರ ಇವಿಷ್ಟನ್ನು ಪಾಲಿಸಿದರೆ ಎಪ್ಪತ್ತರ ಹಿರಿಯರೂ ಹತ್ತರ ಮೊಮ್ಮಕ್ಕಳೂ ಒಂದೇ ವಾಹನದಲ್ಲಿ ಕುಳಿತು ಆ ಮಹಾಬಯಲನ್ನು ನಿಶ್ಚಿಂತೆಯಿಂದ ನೋಡಬಹುದು. ಹೋಗುವವರು ಪ್ರಯಾಣದ ದಿನಾಂಕಗಳನ್ನೂ ನುಂಗಿದ ಮಾತ್ರೆಯ ಹೆಸರನ್ನೂ ಒಂದು ಕಾಗದದಲ್ಲಿ ಬರೆದು, ಮರಳಿದ ಮೇಲೆ ಮೂರು ತಿಂಗಳ ಕಾಲ ಮನೆಯವರೆಲ್ಲರ ಕಣ್ಣಿಗೆ ಬೀಳುವಲ್ಲಿ ಅಂಟಿಸಿಡಲಿ. ಜ್ವರ ಬಂದ ರಾತ್ರಿ ವೈದ್ಯರ ಮುಂದೆ ಇಡಬೇಕಾದ ಮೊದಲ ಕಾಗದ ಅದು.