ಮರದ ಚೆಕ್ಕೆಯ ರಾಶಿಯಲ್ಲಿ ಏಳುವ ಅಣಬೆ

ಜೂನ್ ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ಮಳೆ ಹಿಡಿಯುತ್ತದೆ. ನಾವು ಮುಂಗಾರು ಎನ್ನುವುದನ್ನು ನೆರೆಮನೆಯ ಮಲಯಾಳಿಗಳು ಇಡವಪ್ಪಾದಿ ಎನ್ನುತ್ತಾರೆ. ನಮ್ಮ ಅಣಬೆ ಅವರಿಗೆ ಕೂಣ್. ಹೆಸರು ಯಾವುದಾದರೇನು, ನೆಲ ನಾಲ್ಕು ದಿನ ಚೆನ್ನಾಗಿ ನೆನೆದರೆ ಅದು ತಲೆಯೆತ್ತುತ್ತದೆ. ಹಿಂದೆ ಅಣಬೆಗೆ ಹುತ್ತದ ಬುಡಕ್ಕೆ, ಗುಡ್ಡಕ್ಕೆ ಹೋಗಬೇಕಿತ್ತು. ಮರದ ಮಿಲ್ಲಿನಿಂದ ಚೆಕ್ಕೆ, ಹುಡಿ ತಂದು ಗಿಡಗಳ ಬುಡಕ್ಕೆ ಹಾಕುವವರ ಅಂಗಳದಲ್ಲಿ ಈಗ ಅವು ತಾವಾಗಿಯೇ ಏಳುತ್ತವೆ. ಇದು ಏಕೆ, ಎದ್ದದ್ದನ್ನು ನಂಬಬಹುದೇ ಎಂಬುದು ಇಂದಿನ ವಿಷಯ.

ಮೊದಲು ಒಂದು ಮಾತು. ನಮ್ಮ ಕಣ್ಣಿಗೆ ಕಾಣುವ ಕೊಡೆ ಅಣಬೆಯ ಹಣ್ಣು ಮಾತ್ರ. ಅದರ ನಿಜವಾದ ಶರೀರ ಹತ್ತಿಯ ಎಳೆಯಂತೆ ಮರದೊಳಗೆ ಹರಡಿರುತ್ತದೆ. ಒಂದು ತೇವದ ಚೆಕ್ಕೆಯನ್ನು ಮಗುಚಿ ನೋಡಿ, ಬಿಳಿ ನೂಲಿನಂಥದ್ದು ಕಾಣುತ್ತದೆ. ಮರ ಬಿಸಿಲು ಮಳೆಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಠೇವಣಿಯನ್ನು ಈ ಎಳೆಗಳು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಉಣ್ಣುತ್ತವೆ. ಇಡೀ ದಿಮ್ಮಿಗೆ ಹೊಕ್ಕಲು ಅವಕ್ಕೆ ಬಹಳ ಕಾಲ ಬೇಕು. ಚೆಕ್ಕೆಯಾದರೆ ಎಲ್ಲ ಬದಿಯೂ ತೆರೆದಿರುತ್ತದೆ, ನೀರೂ ಗಾಳಿಯೂ ಸುಲಭವಾಗಿ ಒಳಗೆ ಹೋಗುತ್ತವೆ.

ಎಲ್ಲ ಮರವೂ ಒಂದೇ ಅಲ್ಲ. ರಬ್ಬರಿನ ಮರದಲ್ಲಿ ಪಿಷ್ಟವೂ ಸಕ್ಕರೆಯೂ ಹೆಚ್ಚು, ಬೇಗ ಕೊಳೆಯುತ್ತದೆ. ತೇಗದ ತಿರುಳಿನಲ್ಲಿ ಕೊಳೆಯನ್ನು ತಡೆಯುವ ಗುಣವಿದೆ, ಅದು ನಿಧಾನ. ರಬ್ಬರಿನ ಒಣಕೊಂಬೆಯ ಮೇಲೆ ಬೀಸಣಿಗೆಯಂಥ ಚಿಕ್ಕ ಬಿಳಿ ಅಣಬೆಗಳನ್ನು ನೀವು ನೋಡಿರಬಹುದು. ಬಿಸಿಲಿಗೆ ಅವು ಮುದುಡಿ ಒಣಗುತ್ತವೆ, ಮತ್ತೆ ಮಳೆ ಬಿದ್ದರೆ ಅರಳಿಕೊಳ್ಳುತ್ತವೆ.

ಇನ್ನು ಹವೆಯ ವಿಷಯ. ಗುಡುಗಿದರೆ ಅಣಬೆ ಏಳುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಗುಡುಗಿನ ಜೊತೆ ಬರುವುದು ಬೇಸಿಗೆಯ ಕೊನೆಯ ಮಳೆ. ಒಣಗಿ ಸುಮ್ಮನಿದ್ದ ಎಳೆಗಳಿಗೆ ಆಗ ನೀರು ಸಿಗುತ್ತದೆ, ನೆಲದ ಕಾವೂ ಇಳಿಯುತ್ತದೆ. ಅಣಬೆಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಆದ್ದರಿಂದಲೇ ಸಂಜೆ ಗುಂಡುಸೂಜಿಯ ತಲೆಯಷ್ಟಿದ್ದದ್ದು ನೀರು ಹೀರಿ ಬಹು ಬೇಗ ಕೊಡೆಯಾಗುತ್ತದೆ. ಹಾಗೆಂದು ಮಳೆ ಹೆಚ್ಚಾದಷ್ಟೂ ಒಳ್ಳೆಯದೆಂದಲ್ಲ. ಬಿಡದೆ ಸುರಿದು ಚೆಕ್ಕೆ ನೀರಿನಲ್ಲಿ ಮುಳುಗಿದರೆ ಎಳೆಗಳಿಗೆ ಉಸಿರು ಕಟ್ಟುತ್ತದೆ. ಒಂದೆರಡು ದಿನ ಮಳೆ, ಮತ್ತೆ ಮೋಡದ ಹೊಳವು, ಹೀಗೆ ಬಂದರೆ ಬೆಳೆ ಚೆನ್ನ. ಅಕ್ಟೋಬರಿನ ತುಲಾವರ್ಷದಲ್ಲಿ ಮತ್ತೊಮ್ಮೆ ಅವು ಕಾಣಿಸಿಕೊಳ್ಳುವುದೂ ಇದರಿಂದಲೇ.

ಜಾಗವೂ ಮುಖ್ಯ. ಬಯಲಿನಲ್ಲಿ ತೆಳ್ಳಗೆ ಹರಡಿದ ಚೆಕ್ಕೆ ಒಂದು ಬಿಸಿಲಿಗೆ ಒಣಗುತ್ತದೆ. ಹಲಸಿನ ನೆರಳಿನಲ್ಲಿ, ಗೋಡೆಯ ಮರೆಯಲ್ಲಿ, ನೆಲಕ್ಕೆ ತಾಗಿ ಗೇಣುದ್ದ ಇದ್ದರೆ ತೇವ ಉಳಿಯುತ್ತದೆ. ಆಳೆತ್ತರದ ರಾಶಿಯಾದರೆ ಒಳಗೆ ಗೊಬ್ಬರಗುಂಡಿಯಂತೆ ಬಿಸಿಯೇರುತ್ತದೆ, ಅಣಬೆ ಅಂಚಿನಲ್ಲಿ ಮಾತ್ರ ಏಳುತ್ತದೆ. ಒಂದೇ ರಾಶಿಯಲ್ಲಿ ವರ್ಷವರ್ಷಕ್ಕೂ ಜಾತಿ ಬದಲಾಗುತ್ತದೆ. ಹಸಿ ಚೆಕ್ಕೆಗೆ ಬರುವುದು ಒಂದು, ಅರ್ಧ ಕೊಳೆತದ್ದಕ್ಕೆ ಬರುವುದು ಇನ್ನೊಂದು, ಮಣ್ಣಾದ ಮೇಲೆ ಬರುವುದು ಮತ್ತೊಂದು.

ಎಚ್ಚರ ಬೇಕಾದದ್ದು ಇಲ್ಲಿಯೇ. ನಮ್ಮ ಅಜ್ಜಿಯಂದಿರು ಅಣಬೆಯನ್ನು ಬಲ್ಲವರು ನಿಜ. ಆದರೆ ಅವರು ಬಲ್ಲದ್ದು ಜಾಗದ ಸಮೇತ. ಇಂಥ ಹುತ್ತ, ಇಂಥ ತಿಂಗಳು, ತಲೆಮಾರಿನಿಂದ ತಿಂದು ನೋಡಿದ್ದು. ಮಿಲ್ಲಿನಿಂದ ಬಂದ ಚೆಕ್ಕೆಗೆ ಅಂಥ ಚರಿತ್ರೆ ಇಲ್ಲ. ಹೋದ ವರ್ಷ ಅಲ್ಲಿ ಎದ್ದದ್ದು ಈ ವರ್ಷದ್ದಕ್ಕೆ ಸಾಕ್ಷಿಯಾಗದು. ಹುತ್ತದ ಅಣಬೆಯ ಕಾಂಡ ಬೇರಿನಂತೆ ಉದ್ದಕ್ಕೆ ಇಳಿದು ಗೆದ್ದಲಿನ ಗೂಡನ್ನು ಮುಟ್ಟಿರುತ್ತದೆ. ತೋಟದ ಕಸದಲ್ಲಿ, ಹುಲ್ಲಿನಲ್ಲಿ ಏಳುವ ಇನ್ನೊಂದು ಬಿಳಿ ಕೊಡೆ ದೂರದಿಂದ ಅದರಂತೆಯೇ ಕಾಣುತ್ತದೆ. ಎಳೆಯದಿದ್ದಾಗ ಕೊಡೆಯಡಿಯ ಪದರಗಳು ಬಿಳಿ, ಬಲಿತಾಗ ಹಸಿರುಗಟ್ಟುತ್ತವೆ. ಅದನ್ನು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ.

ಇದಕ್ಕಿಂತ ಕೆಟ್ಟ ವಿಷದ ಅಣಬೆಗಳೂ ಇವೆ. ಅವನ್ನು ತಿಂದವರಿಗೆ ಆರು ಗಂಟೆಯವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ, ಮರುದಿನ ತುಸು ಗುಣವಾದಂತೆ ತೋರಿಕೆ, ಅಷ್ಟರಲ್ಲಿ ಪಿತ್ತಜನಕಾಂಗ ಕೆಟ್ಟಿರುತ್ತದೆ. ಆ ವಿಷ ಬೇಯಿಸಿದರೂ ಹೋಗದು. ಅರಸಿನ ಹಾಕಿ ಬಣ್ಣ ನೋಡುವುದು, ಬೆಳ್ಳಿಯ ಚಮಚ ಅದ್ದುವುದು, ಹುಳ ತಿಂದಿದೆಯೇ ಎಂದು ಹುಡುಕುವುದು, ಇವು ಯಾವುವೂ ಪರೀಕ್ಷೆಯಲ್ಲ.

ಆದ್ದರಿಂದ ಚೆಕ್ಕೆಯ ರಾಶಿಯಲ್ಲಿ ಎದ್ದ ಅಣಬೆಯನ್ನು ನೋಡಿ ಸಂತೋಷಪಡಿ. ಕಿತ್ತು ಎಸೆಯಬೇಕಾಗಿಲ್ಲ, ಅದು ಮರವನ್ನು ಮಣ್ಣು ಮಾಡಿ ನಿಮ್ಮ ಗಿಡಕ್ಕೇ ಗೊಬ್ಬರ ಕೊಡುತ್ತಿದೆ. ಅಡುಗೆಮನೆಗೆ ಮಾತ್ರ ತರಬೇಡಿ, ಮಕ್ಕಳ ಮೇಲೆ ಕಣ್ಣಿರಲಿ. ತಿನ್ನುವ ಆಸೆಯಿದ್ದರೆ ಬಿತ್ತನೆ ತಂದು ಬೈಹುಲ್ಲಿನಲ್ಲಿ ಚಿಪ್ಪಣಬೆ ಬೆಳೆಸಬಹುದು. ಯಾರಾದರೂ ತಿಂದು ಅಸ್ವಸ್ಥರಾದರೆ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಉಳಿದ ಅಣಬೆಯನ್ನೂ, ಮೇಲೋಗರವನ್ನೂ ಜೊತೆಗೆ ಕೊಂಡುಹೋಗಿ, ತಿಂದ ಹೊತ್ತನ್ನು ವೈದ್ಯರಿಗೆ ಸರಿಯಾಗಿ ತಿಳಿಸಿ.

ಅಣಬೆ ಯಾವಾಗ ಏಳುತ್ತದೆಂದು ಮಳೆ ಹೇಳುತ್ತದೆ, ಎಲ್ಲಿ ಏಳುತ್ತದೆಂದು ಮರ ಹೇಳುತ್ತದೆ. ತಿನ್ನಬಹುದೆಂದು ಇವೆರಡೂ ಹೇಳುವುದಿಲ್ಲ.