ಯುದ್ಧಚಿತ್ರಗಳ ಸಾಕ್ಷ್ಯ: ವೀರಗಲ್ಲು ಮತ್ತು ಅರಮನೆಯ ಗೋಡೆ

ಸೊರಬ, ಶಿಕಾರಿಪುರ ತಾಲ್ಲೂಕುಗಳು ವೀರಗಲ್ಲುಗಳಿಗೆ ಹೆಸರಾದುವು. ಉಳವಿಯಿಂದ ಬಳ್ಳಿಗಾವೆಯವರೆಗಿನ ಸೀಮೆಯಲ್ಲಿ ಸಂಚರಿಸುವವರಿಗೆ ಗುಡಿಯ ಅಂಗಳದಲ್ಲಿಯೋ ಕೆರೆಯ ಏರಿಯ ಮೇಲೆಯೋ ಇವು ಕಾಣಸಿಗುತ್ತವೆ. ಸಾಮಾನ್ಯವಾಗಿ ಕಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದವನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಶಾಸನವು ಆಳುವ ಅರಸನ ಹೆಸರಿನಿಂದ ಮೊದಲಾಗುವುದುಂಟು. ಆದರೆ ಶಿಲ್ಪದ ನಾಯಕನು ಹಲವು ವೇಳೆ ಅರಸನಲ್ಲ, ಊರಿನ ತುರುಗಳನ್ನು ಬಿಡಿಸಲು ಹೋಗಿ ಸತ್ತವನು.

ಅರಸನೇ ಯುದ್ಧವನ್ನು ಚಿತ್ರಿಸಿದಾಗ ಈ ಕ್ರಮವು ಬದಲಾಗುತ್ತದೆ. ಟಿಪ್ಪು ಸುಲ್ತಾನನು 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯಲ್ಲಿ ಪೊಲ್ಲಿಲೂರಿನ ಯುದ್ಧದ ವರ್ಣಚಿತ್ರವಿದೆ. ಕಾಂಚೀಪುರದ ಸಮೀಪದಲ್ಲಿ 1780ರ ಸೆಪ್ಟೆಂಬರ್ 10ರಂದು ನಡೆದ ಈ ಯುದ್ಧದಲ್ಲಿ ಕರ್ನಲ್ ಬೇಯ್ಲಿಯ ಇಂಗ್ಲಿಷ್ ಪಡೆ ಮೈಸೂರಿನವರಿಗೆ ಶರಣಾಯಿತು. ಮದ್ದಿನ ಬಂಡಿ ಸಿಡಿಯುವುದು, ಬೇಯ್ಲಿ ಪಲ್ಲಕ್ಕಿಯಲ್ಲಿರುವುದು ಇವೆಲ್ಲ ಚಿತ್ರದಲ್ಲಿವೆ. ಮದ್ದು ಸಿಡಿದುದನ್ನೂ ಬೇಯ್ಲಿ ಗಾಯಗೊಂಡುದನ್ನೂ ಇಂಗ್ಲಿಷರ ಬರಹಗಳೂ ಹೇಳುತ್ತವೆ. ಆದರೆ ಸುತ್ತಲಿನ ಗೊಂದಲದ ನಡುವೆಯೂ ಹೈದರನೂ ಟಿಪ್ಪುವೂ ಆನೆಗಳ ಮೇಲೆ ಅವಿಚಲರು. ಸಾಯುವ ಸೈನಿಕನಿಗೆ ಇಲ್ಲಿ ಹೆಸರಿಲ್ಲ. ಇದಲ್ಲದೆ 1850ರ ದಶಕದಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಈ ಚಿತ್ರಗಳನ್ನು ಮರಳಿ ಬರೆಯಿಸಲಾಯಿತು. ಆದಕಾರಣ ಪ್ರತಿಯೊಂದು ರೇಖೆಯನ್ನೂ 1784ರದೆಂದು ನಾವು ಎಣಿಸಲಾಗದು.

ಗೆದ್ದವರು ಬದಲಾದಾಗ ಚಿತ್ರವೂ ಬದಲಾಯಿತು. 1799ರಲ್ಲಿ ಮಡಿದ ಟಿಪ್ಪುವಿನ ದೇಹವನ್ನು ಡೇವಿಡ್ ಬೇರ್ಡ್ ಕಂಡುಹಿಡಿದ ಸನ್ನಿವೇಶವನ್ನು ಡೇವಿಡ್ ವಿಲ್ಕಿ 1839ರಲ್ಲಿ ಬರೆದು ಮುಗಿಸಿದನು. ಅವನು ಭಾರತವನ್ನು ಕಂಡವನಲ್ಲ. ಬರೆಯಿಸಿದವಳು ಬೇರ್ಡನ ವಿಧವೆ. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿ, ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಬಂಧಿಯಾಗಿದ್ದವನು ಇದೇ ಬೇರ್ಡ್. ಚಿತ್ರದಲ್ಲಿ ಅವನ ಕಾಲಡಿಯಲ್ಲಿರುವ ಕಬ್ಬಿಣದ ಜಾಲರಿ ಆ ಸೆರೆಮನೆಯ ಸೂಚನೆ.

ಆದುದರಿಂದ ಯುದ್ಧಚಿತ್ರವನ್ನು ತರಗತಿಯಲ್ಲಿ ಸಾಕ್ಷ್ಯವಾಗಿ ತೋರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತ: ಬರೆಯಿಸಿದವರು ಯಾರು? ಘಟನೆಯ ಎಷ್ಟು ವರ್ಷಗಳ ತರುವಾಯ? ಆಮೇಲೆ ಅದನ್ನು ತಿದ್ದಿದವರುಂಟೆ? ಅರಸರ ವಿಷಯದಲ್ಲಿ ಚಿತ್ರ ತಪ್ಪಿದರೆ ತಿದ್ದಿಕೊಳ್ಳಲು ಬೇರೆ ಆಧಾರಗಳಿವೆ. ವೀರಗಲ್ಲಿನ ಆಳಿಗಾದರೋ ಹಲವೆಡೆ ಆ ಕಲ್ಲೊಂದೇ ದಾಖಲೆ. ಸೊರಬದ ಶಾಸನಗಳ ಪಾಠಗಳು 1904ರಲ್ಲಿಯೇ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಅಚ್ಚಾದುವು. ಬಯಲಿನಲ್ಲಿರುವ ಶಿಲ್ಪಗಳು ಮಳೆಗೆ ಸವೆಯುತ್ತಿವೆ. ತಮ್ಮ ಊರಿನ ಕಲ್ಲುಗಳ ಅಳತೆ, ಪಟ್ಟಿಕೆಗಳ ವಿವರ, ಛಾಯಾಚಿತ್ರಗಳನ್ನು ವಿದ್ಯಾರ್ಥಿಗಳು ಸಂಗ್ರಹಿಸಿದರೆ ಅದು ನಾಡಿನ ಚರಿತ್ರೆಗೆ ನಿಜವಾದ ಸೇವೆಯಾದೀತು.